ಊಲ್ಕಾನ್ ಅಪಾ ಎರಡನೇ ಸಲ ಕೇಳಲಿಲ್ಲ

ಹಿರಿಯ ಹೆಂಗಸೆಂದು ಊರೆಲ್ಲ ಅಪಾ ಎನ್ನುತ್ತಿದ್ದ ಊಲ್ಕಾನ್‌ಗೆ ಇಬ್ಬರು ಗಂಡುಮಕ್ಕಳು. ಹೆಣ್ಣುಮಕ್ಕಳಿಲ್ಲ. ಹಿಮಬೆಟ್ಟಗಳ ಸೀಮೆಯಾದ ನರಿನ್ ಕಡೆಯ ಹಳ್ಳಿಗಳಲ್ಲಿ ಇದು ಸಣ್ಣ ಕೊರತೆಯಲ್ಲ. ಸಾವಾದ ಮನೆಯ ಅಂಗಳದಲ್ಲಿ ಉಣ್ಣೆಯ ಗುಡಾರ ಎತ್ತುತ್ತಾರೆ. ಗಂಡಸರು ಹೊರಗೆ ಕೋಲೂರಿ ನಿಂತು ಅಳುತ್ತಾರೆ. ಒಳಗೆ, ಹೆಣದ ಹತ್ತಿರ, ಬಾಗಿಲಿಗೆ ಬೆನ್ನು ಮಾಡಿ ಕೂತು, ಹೋದವರ ಗುಣವನ್ನೆಲ್ಲ ಹಾಡಿಕೊಂಡು ಅಳಬೇಕಾದವಳು ಮಗಳು. ಸೊಸೆಯಂದಿರೂ ಅಳುತ್ತಾರೆ. ಆದರೆ ಅಪಾ ಸೊಸೆಯ ಎದುರಿಗೇ ಹೇಳುತ್ತಿದ್ದರು: "ಸೊಸೆ ಅಳೋದು ಊರಿಗೆ ಕೇಳ್ಲಿ ಅಂತ. ಮಗಳು ಅಳೋದು ತಡೆಯೋಕಾಗ್ದೆ."

ಹಿರಿಸೊಸೆ ಸಾಯ್ರಾಗುಲ್ ಬಿಡುವವಳಲ್ಲ. "ಅಪಾ, ನೀವು ಮೊದ್ಲು ಹೋಗಿ ನೋಡಿ. ನಾನು ಹೇಗಳ್ತೀನಿ ಅಂತ ಮೇಲಿಂದ ಕೇಳಿಸ್ಕೊಳ್ಳೋರಂತೆ" ಎನ್ನುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ನಗುತ್ತಿದ್ದರು.

ಆ ಮನೆಗೆ ರೊವೇನಾ ಬಂದಿದ್ದು ಎರಡು ವರ್ಷದ ಮಟ್ಟಿಗೆ. ಫಿಲಿಪ್ಪೀನ್ಸಿನ ಗಿಮರಾಸ್ ಎಂಬ ಮಾವಿನ ತೋಟಗಳ ದ್ವೀಪದವಳು, ಕಲಿತದ್ದು ಫಿಸಿಯೊಥೆರಪಿ. ಕೈಕಾಲು ಸ್ವಾಧೀನವಿಲ್ಲದ ಮಕ್ಕಳ ಜೊತೆ ಕೆಲಸ ಮಾಡಲು ವಿದೇಶದ ಸೇವಾ ಸಂಸ್ಥೆಯೊಂದು ಅವಳನ್ನು ಸ್ವಯಂಸೇವಕಿಯಾಗಿ ಕಳಿಸಿತ್ತು. ಅವಳ ಹೆಸರು ಊರಿನ ನಾಲಿಗೆಗೆ ಹೊರಳಲಿಲ್ಲ. ಒಂದೇ ವಾರದಲ್ಲಿ ರೋಜಾ ಆದಳು, ಚಿಕ್ಕವರಿಗೆಲ್ಲ ರೋಜಾ ಎಜೆ, ಅಂದರೆ ರೋಜಕ್ಕ. ಮೊದಲ ಚಳಿಗಾಲದಲ್ಲಿ ಪೆಟ್ಟಿಗೆಯಲ್ಲಿದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ತೊಟ್ಟು ಅಡುಗೆಮನೆಗೆ ಬಂದವಳನ್ನು ಕಂಡು ಅಪಾ, "ಇದೇನು ಹುಡುಗೀನೋ, ಹಾಸಿಗೆ ಗಂಟೋ?" ಎಂದು ಕೇಳಿದ್ದರು. ಅವಳು ಮೊದಲ ಸಲ ಚಹಾ ಸುರಿದಾಗ ಬಟ್ಟಲನ್ನು ಅಂಚಿನವರೆಗೆ ತುಂಬಿಸಿದಳು. ಅಪಾ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಬಂದೋರನ್ನ ಓಡಿಸ್ತಿದೀಯೇನೇ? ತುಂಬಿಸಿ ಕೊಟ್ರೆ 'ಕುಡಿದು ಹೊರಡು' ಅಂತ ಅರ್ಥ. ಅರ್ಧ ಕೊಡು. ಮತ್ತೆ ಕೇಳ್ಲಿ, ಮತ್ತೆ ಕೊಡು. ಹಂಗೇ ಸಂಜೆ ಆಗ್ಲಿ."

ಮೂರನೇ ಚಳಿಗಾಲದ ಹೊತ್ತಿಗೆ ರೋಜಾ ಬಾಗಿಲ ಬಳಿ, ಚಹಾದ ನೀರು ಕಾಯಿಸುವ ಸಮಾವರ್ ಪಕ್ಕ ಕೂತು, ಬಂದವರಿಗೆಲ್ಲ ಅರ್ಧರ್ಧ ಬಟ್ಟಲು ಚಹಾ ಕೊಡುತ್ತಿದ್ದಳು. ಅದು ಮನೆಯ ಹೆಣ್ಣುಮಕ್ಕಳ ಜಾಗ.

ಕೆಲಸವೂ ಹಾಗೆಯೇ ನಿಧಾನವಾಗಿ ಹಿಡಿತಕ್ಕೆ ಬಂತು. ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಮನೆಯವರು ಹಿಂದಿನ ಕೋಣೆಯಲ್ಲಿ ಮಲಗಿಸಿ, ನೆಂಟರು ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಬೆಗಾಯಿಮ್ ಎಂಬ ಹುಡುಗಿ ಆರು ವರ್ಷದವಳಾಗುವವರೆಗೂ ಅಂಗಳ ಕಂಡಿರಲಿಲ್ಲ. ರೋಜಾ ಅವಳಪ್ಪನ ಎದುರು ನಿಂತು, ಆಗಷ್ಟೇ ಕಲಿತ ಮುರುಕು ಭಾಷೆಯಲ್ಲಿ, "ಮುಚ್ಚಿಟ್ರೆ ಯಾವ ಕಾಯಿಲೇನೂ ವಾಸಿ ಆಗಲ್ಲ. ನೀವು ಪ್ರೀತಿಯಿಂದ ಮುಚ್ಚಿಟ್ರೂ ಅಷ್ಟೇ" ಎಂದು ಜಗಳವಾಡಿದ್ದಳು. ಶಾಲೆಯವರು ಒಂದು ಕೋಣೆ ಕೊಟ್ಟರು. ಗೋಡೆಗೆ ಹಿಡಿಕಂಬಿ, ನೆಲಕ್ಕೆ ಮೆತ್ತನೆ ಹಾಸು ಬಂದವು. ಬೆಗಾಯಿಮ್ ಕಂಬಿ ಹಿಡಿದು ಎದ್ದು ನಿಂತ ದಿನ ಅವಳಪ್ಪ ಹೊರಗೆ ಹೋಗಿ ಕುದುರೆಯ ಕತ್ತು ತಬ್ಬಿಕೊಂಡು ಅತ್ತ.

ಎರಡು ವರ್ಷ ಮುಗಿಯಿತು. ಇನ್ನೊಂದು ವರ್ಷ ಇರುತ್ತೇನೆಂದು ರೋಜಾ ಸಂಸ್ಥೆಗೆ ತಿಳಿಸಿದಳು. ಆಮೇಲೆ ಮತ್ತೊಂದು ವರ್ಷ. ಪ್ರತಿ ವಸಂತದಲ್ಲೂ, "ಇದೇ ಕೊನೆ. ಬರೋ ವರ್ಷ ನಾನು ಇರಲ್ಲ" ಎಂದು ಎಲ್ಲರಿಗೂ ಹೇಳುವಳು. ಹೇಳಿ ಉಳಿಯುವಳು. ಅವಳ ದ್ವೀಪದಲ್ಲಿ ತಂದೆ ಇದ್ದರು, ಅವಳ ತಂಗಿಯ ಆಸರೆಯಲ್ಲಿ. ಇಲ್ಲಿಯವಳು ಎಂದು ಒಮ್ಮೆ ಬಾಯಿಬಿಟ್ಟು ಹೇಳಿಬಿಟ್ಟರೆ ಅಲ್ಲಿಯದನ್ನು ಬಿಟ್ಟುಕೊಟ್ಟಂತೆ ಎಂಬ ಭಯ ಅವಳಿಗೆ. ಹೊರಡುವವಳು ಅಂದುಕೊಂಡಿದ್ದರೆ ಎರಡೂ ಕಡೆ ಯಾವುದನ್ನೂ ಕಳೆದುಕೊಂಡಂತಾಗುವುದಿಲ್ಲ.

ಏಳನೇ ವರ್ಷ, ಚಳಿಗಾಲದ ಮಾಂಸಕ್ಕೆಂದು ಕುದುರೆ ಕಡಿದ ಮಾರನೆಯ ದಿನ, ಅವಳೂ ಅಪಾನೂ ತೊರೆಯಲ್ಲಿ ಕರುಳು ತೊಳೆಯುತ್ತಿದ್ದರು. ನೀರು ಕತ್ತಿಯಂತಿತ್ತು.

"ರೋಜಾ, ನಿಂಗೆ ಅಮ್ಮ ಇಲ್ಲ ಅಲ್ವಾ?"

"ಇಲ್ಲ ಅಪಾ. ನಾನು ಓದ್ತಿರೋವಾಗ್ಲೇ ಹೋದ್ರು."

"ನಂಗೆ ಮಗಳಿಲ್ಲ. ದೇವರು ಹಂಚೋವಾಗ ಎಡವಟ್ಟು ಮಾಡಿದಾನೆ. ನಾವೇ ಸರಿ ಮಾಡ್ಕೊಳ್ಳೋಣ್ವಾ?"

ರೋಜಾ ನಕ್ಕಳು. ಅಪಾ ನಗಲಿಲ್ಲ.

"ತಮಾಷೆ ಅಲ್ಲ ಕಣೇ. ಒಂದು ಕುರಿ ಕಡಿಸ್ತೀನಿ, ಹಿರಿಯರನ್ನ ಕೂರಿಸಿ ಹರಸಿಸ್ತೀನಿ. 'ಇವಳು ನನ್ನ ಮಗಳು' ಅಂತ ಎಲ್ಲರೆದುರು ಹೇಳ್ತೀನಿ. ಒಂದು ಕುದುರೆಮರಿ ನಿಂಗೆ. ನಿನ್ನ ದೇವರನ್ನ ಬಿಡು ಅನ್ನಲ್ಲ. ಅವನು ಅವನ ಪಾಡಿಗಿರ್ಲಿ."

"ನಮ್ಮ ಸಂಸ್ಥೇಲಿ ಅದಕ್ಕೆಲ್ಲ ಒಪ್ಪಲ್ಲ ಅಪಾ. ಊರವರಿಂದ ಏನನ್ನೂ ತಗೊಳ್ಳೋ ಹಾಗಿಲ್ಲ."

"ಕುದುರೆಮರಿ ಬೇಡ ಬಿಡು. ಬರೀ ಮಗಳಾಗು."

"ನಾನು ಹೋಗೋಳು ಅಪಾ. ಬರೋ ವರ್ಷವೋ, ಅದರಾಚೆಗೋ…"

ಅಪಾ ಕೈಯಲ್ಲಿದ್ದ ಕರುಳನ್ನು ತಪ್ಪಲೆಗೆ ಹಾಕಿ ಅವಳ ಮುಖ ನೋಡಿದರು. "ಹೋಗದೆ ಉಳಿದಿರೋ ಮಗಳು ಯಾರ ಮನೇಲಿದಾಳೆ, ತೋರ್ಸು ನೋಡೋಣ. ಹೆಣ್ಣುಮಕ್ಕಳೆಲ್ಲ ಹೋಗೋರೇ. ನಾನು ಇರ್ತೀಯಾ ಅಂತ ಕೇಳ್ತಿಲ್ಲ. ಕರೆದ್ರೆ ಬರ್ತೀಯಾ ಅಂತ ಕೇಳ್ತಿದೀನಿ."

ಹೂಂ ಎನ್ನಲು ರೋಜಾಗೆ ಮನಸ್ಸಿತ್ತು. ಆದರೆ ಅವಳಿಗೆ ತಂದೆಯ ನೆನಪಾಯಿತು, ಸಂಸ್ಥೆಯವರು ತರಬೇತಿಯಲ್ಲಿ ಹೇಳಿದ್ದ ಎಚ್ಚರಿಕೆ ನೆನಪಾಯಿತು: ನೀವು ಹೋಗುವವರು, ಯಾರನ್ನೂ ನಿಮ್ಮ ಮೇಲೆ ಒರಗಲು ಬಿಡಬೇಡಿ. "ನೋಡೋಣ ಅಪಾ. ಬೇಸಿಗೆ ಬರ್ಲಿ, ಮಾತಾಡೋಣ" ಎಂದಳು.

"ಆಯ್ತು ಬಿಡು. ನೀರು ಕೊರೀತಿದೆ, ಬೇಗ ತೊಳಿ."

ಬೇಸಿಗೆ ಬಂತು, ಹೋಯಿತು. ಅಪಾ ಆ ಮಾತು ಎತ್ತಲಿಲ್ಲ. ಅವರ ಪ್ರೀತಿಯಲ್ಲಿ, ತಮಾಷೆಯಲ್ಲಿ ಒಂದು ಕೂದಲಿನಷ್ಟೂ ಕಡಿಮೆಯಾಗಲಿಲ್ಲ. ಬದಲಾದದ್ದು ಒಂದೇ. ಮನೆಯಲ್ಲಿ ಊಟಕ್ಕೆ ಜನ ಸೇರಿದಾಗ ರೋಜಾ ಸಮಾವರ್ ಕಡೆ ಹೊರಟರೆ ಅಪಾ ತಡೆಯುತ್ತಿದ್ದರು. "ನೀನು ಮೇಲೆ ಬಾ, ಇಲ್ಲಿ ಕೂರು" ಎಂದು ಬಾಗಿಲಿಗೆ ಎದುರಿನ ಗೋಡೆಯ ಬಳಿ, ದಪ್ಪ ಹಾಸಿನ ಮೇಲೆ, ಊರ ಹಿರಿಯರ ಪಕ್ಕ ಕೂರಿಸುತ್ತಿದ್ದರು. ಮಾಂಸ ಹಂಚುವಾಗ ಒಳ್ಳೆಯ ತುಂಡು ಅವಳಿಗೆ ಬರುತ್ತಿತ್ತು. ಚಹಾ ಸಾಯ್ರಾಗುಲ್ ಸುರಿಯುತ್ತಿದ್ದಳು. ರೋಜಾಗೆ ಹೆಮ್ಮೆಯಾಯಿತು. ಇಷ್ಟು ವರ್ಷದ ಕೆಲಸಕ್ಕೆ ಊರು ಕೊಟ್ಟ ಗೌರವ ಎಂದು ತಂಗಿಗೆ ಫೋನಿನಲ್ಲಿ ಹೇಳಿದಳು.

ಹನ್ನೊಂದನೇ ವರ್ಷದ ವಸಂತದಲ್ಲಿ ಅಪಾ ಸೊರಗಿಹೋದರು. ಮಗ ಟೋಕ್ತೋಬೆಕ್ ಅವರನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದ. ಏನೆಂದರು ಎಂದು ರೋಜಾ ಕೇಳಿದರೆ ಅಪಾ, "ಏನಂತಾರೆ, ಹಳೇ ಹೊಟ್ಟೆ, ಗಾಳಿ ತುಂಬ್ಕೊಂಡಿದೆ ಅಂದ್ರು" ಎಂದರು. ಅವಳು ಸಾಯ್ರಾಗುಲ್‌ಳನ್ನು ಕೇಳಿದಳು. ಅವಳು ಹಿಟ್ಟು ನಾದುತ್ತಲೇ, "ವಯಸ್ಸಾಯ್ತಲ್ಲ ಎಜೆ" ಎಂದಳು. ರೋಗಿಗಳನ್ನು ಮುಟ್ಟಿಯೇ ಬದುಕಿದವಳಿಗೆ ಅನುಮಾನ ಬರಬೇಕಿತ್ತು. ಬಂದಿತ್ತು ಕೂಡ. ಆದರೆ ಅದೇ ಹೊತ್ತಿಗೆ ಅವಳ ತಂದೆಯ ಕಣ್ಣಿನ ಶಸ್ತ್ರಚಿಕಿತ್ಸೆ ನಿಗದಿಯಾಗಿತ್ತು, ರಜೆ ಮಂಜೂರಾಗಿತ್ತು. ಮನೆಯವರೇ ಏನಿಲ್ಲ ಎನ್ನುವಾಗ ಏನೂ ಇರಲಾರದು ಎಂದು ನಂಬುವುದು ಸುಲಭವಾಗಿತ್ತು.

ಜೂನ್‌ನಲ್ಲಿ ಹೊರಟ ದಿನ ಅಪಾ ಕೋಲೂರಿಕೊಂಡು ಗೇಟಿನವರೆಗೆ ಬಂದರು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹಣೆ ಮೂಸಿದರು.

"ನಾನು ಬರೋ ಹೊತ್ತಿಗೆ ಸ್ವಲ್ಪ ದಪ್ಪ ಆಗಿರ್ಬೇಕು ನೀವು" ಎಂದಳು ರೋಜಾ.

"ಆಗ್ತೀನಿ, ಆಗ್ತೀನಿ. ಅಪ್ಪನ ಹತ್ರ ಚೆನ್ನಾಗಿ ಕೂತು ಮಾತಾಡು. ಅವಸರ ಮಾಡ್ಬೇಡ."

ಗಿಮರಾಸ್‌ನಿಂದ ಅವಳು ಆಗಾಗ ಫೋನ್ ಮಾಡುತ್ತಿದ್ದಳು. ಅಪಾ ಎಲ್ಲಿ ಎಂದರೆ ಸಾಯ್ರಾಗುಲ್, "ಬೆಟ್ಟದ ಮೇಲೆ, ಹುಲ್ಲುಗಾವಲಿಗೆ ಹೋಗಿದಾರೆ. ಅಲ್ಲಿ ಸಿಗ್ನಲ್ ಇಲ್ಲ" ಎನ್ನುತ್ತಿದ್ದಳು. ಹೊಸದಾಗಿ ಹುಟ್ಟಿದ ಕುದುರೆಮರಿಗಳ ಫೋಟೊ ಕಳಿಸುತ್ತಿದ್ದಳು.

ಆಗಸ್ಟ್ ಕೊನೆಗೆ ರೋಜಾ ಹಿಂತಿರುಗಿದಳು. ಪಟ್ಟಣದ ಬಸ್ ನಿಲ್ದಾಣಕ್ಕೆ ಟೋಕ್ತೋಬೆಕ್ ಕಾರು ತಂದಿದ್ದ. ದಾರಿಯುದ್ದಕ್ಕೂ ಹುಲ್ಲು ಕೊಯ್ದ ಮಾತೇ ಆಡಿದ. ಮನೆಯಲ್ಲಿ ನೆರೆಯ ಮುದುಕ ಶಾಬ್ದಾನ್ ಮತ್ತಿಬ್ಬರು ಹಿರಿಯರು ಕೂತಿದ್ದರು. ಸಾಯ್ರಾಗುಲ್ ಕಪ್ಪು ಬಟ್ಟೆಯಲ್ಲಿದ್ದಳು. ಯಾರೂ ಬಾಯಿ ತೆರೆಯುವ ಮೊದಲೇ ರೋಜಾಗೆ ತಿಳಿಯಿತು. ಆದರೂ ಶಾಬ್ದಾನ್ ಅವಳನ್ನು ಕೂರಿಸಿ, ಕ್ರಮ ತಪ್ಪಿಸದೆ ಹೇಳಿದ:

"ಮಗಳೇ, ಬೆಟ್ಟವೂ ಕರಗುತ್ತೆ, ನದಿಯೂ ಬತ್ತುತ್ತೆ. ನಮ್ಮ ಊಲ್ಕಾನ್ ತನ್ನ ಋಣ ಮುಗಿಸ್ಕೊಂಡು ಹೋದಳು. ಗಟ್ಟಿಯಾಗಿರು."

ಅಪಾ ತೀರಿಹೋಗಿದ್ದು ಜುಲೈ ಮೊದಲಲ್ಲಿ. ನಲವತ್ತನೇ ದಿನದ ಊಟವೂ ಆಗಿಹೋಗಿತ್ತು. ಗುಡಾರ ಬಿಚ್ಚಿದ ಜಾಗದಲ್ಲಿ ಹುಲ್ಲು ಹಳದಿ ಬಣ್ಣಕ್ಕೆ ತಿರುಗಿತ್ತು.

ಹಿರಿಯರು ಎದ್ದುಹೋದ ಮೇಲೆ ರೋಜಾ ಸಾಯ್ರಾಗುಲ್ ಮೇಲೆ ಹರಿಹಾಯ್ದಳು.

"ಅಪಾ ಉಳಿಯಲ್ಲ ಅಂತ ನಿಂಗೆ ಯಾವಾಗ್ಲಿಂದ ಗೊತ್ತಿತ್ತು?"

"ಏಪ್ರಿಲ್‌ನಿಂದ."

"ಊರಿಗೆ?"

"ಎಲ್ರಿಗೂ."

"ನಂಗೊಬ್ಳಿಗೆ ಬಿಟ್ಟು! ಬೆಟ್ಟದ ಮೇಲಿದಾರೆ ಅಂದ್ಯಲ್ಲ, ನಾಲಿಗೆ ಹೇಗೆ ಹೊರಳ್ತು ನಿಂಗೆ?"

"ಅಪಾ ಹೇಳು ಅಂದಿದ್ರು, ಹೇಳ್ದೆ. ಬೆಟ್ಟದ ಮೇಲೇ ಇದಾರೆ, ಸ್ಮಶಾನ ಅಲ್ಲೇ ತಾನೇ ಇರೋದು." ಎಂದಳು ಸಾಯ್ರಾಗುಲ್. "'ಅವಳು ಅಪ್ಪನ್ನ ನೋಡೋಕೆ ಹೋಗಿದಾಳೆ. ಅತಿಥಿ ಹೆಗಲ ಮೇಲೆ ಮನೆಯವರು ದುಃಖ ಹೊರಿಸಬಾರದು' ಅಂದ್ರು."

"ಅತಿಥಿ? ಹನ್ನೊಂದು ವರ್ಷ ಆಯ್ತು ನಾನು ಈ ಮನೇಲಿ!"

"ನಂಗ್ಯಾಕೆ ಹೇಳ್ತೀರಿ ಎಜೆ? ಪ್ರತಿ ವರ್ಷ ಹೊರಟು ನಿಲ್ತಿದ್ದೋರು ನೀವು. ನೀವು ಬೇಡ ಅಂದ ಮೇಲೆ ಅವರು ನಿಮ್ಮನ್ನ ಸಮಾವರ್ ಹತ್ರ ಕೂರಿಸಿದ್ರಾ? ನೀವೂ ಖುಷಿಯಾಗಿ ಮೇಲೆ, ಅತಿಥಿಗಳ ಜಾಗದಲ್ಲಿ ಹೋಗಿ ಕೂತ್ರಿ."

ರೋಜಾ ಅಂಗಳದ ಹಳದಿ ಹುಲ್ಲಿನ ಕಡೆ ತಿರುಗಿದಳು. "ಗುಡಾರದೊಳಗೆ ಯಾರು ಕೂತರು?" ಎಂದು ಕೇಳಿದಳು.

"ನಾನು, ನನ್ನ ಓರಗಿತ್ತಿ. ಮಗಳ ಜಾಗಕ್ಕೆ ಅಂತ ಆಚೆ ಊರಿಂದ ಅಪಾನ ತಮ್ಮನ ಮಗಳನ್ನ ಕರೆಸಿದ್ವಿ. ಪಾಪ, ಅವಳು ಅಪಾನ್ನ ನೋಡಿದ್ದೇ ಎರಡು ಮೂರು ಸಲ. ಯಾರಿಗೋ ಹಾಡೋ ಹಾಡನ್ನೇ ಹಾಡಿ ಅತ್ತಳು."

"ಅಪಾ ನನ್ನ ಕೇಳಿದ್ರಾ? ಕೊನೇಲಿ?"

ಸಾಯ್ರಾಗುಲ್ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ ಎಜೆ. ಅವರು ಯಾವತ್ತೂ ಎರಡನೇ ಸಲ ಕೇಳೋರಲ್ಲ. ನಿಮ್ಗೆ ಗೊತ್ತಲ್ಲ."

ಆ ವರ್ಷವೆಲ್ಲ ರೋಜಾ ಶಾಲೆಯ ಕೋಣೆಯಲ್ಲಿ ಮೊದಲಿಗಿಂತ ಹೆಚ್ಚು ದುಡಿದಳು. ಮನೆಯಲ್ಲಿ ಹೆಂಗಸರು ಕಪ್ಪು ತೊಟ್ಟಿದ್ದರು. ತಾನೂ ತೊಡಲೇ ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಯಾರೂ ಅವಳಿಗೆ ತೊಡು ಎನ್ನಲೂ ಇಲ್ಲ. ಕೆಲವು ಮಧ್ಯಾಹ್ನ ಒಬ್ಬಳೇ ಸ್ಮಶಾನದ ದಿಬ್ಬ ಹತ್ತಿ ಹೋಗಿ ಮಣ್ಣಿನ ಗೋರಿಯ ಪಕ್ಕ ಕೂತು ಬರುತ್ತಿದ್ದಳು.

ವರ್ಷ ತುಂಬಿದ ಊಟಕ್ಕೆ ಮತ್ತೆ ಗುಡಾರ ಎದ್ದಿತು. ಸುತ್ತಲ ಹಳ್ಳಿಗಳಿಂದ ಜನ ಬಂದರು. ಹೆಂಗಸರು ಕೊನೆಯ ಸಲ ಹಾಡಿ ಅತ್ತು, ಕಪ್ಪು ಕಳಚಿ ಬಿಳಿ ತೊಡುವ ದಿನ ಅದು. ಒಳಗೆ ಬರಲೇ ಎಂದು ರೋಜಾ ಆ ಬೆಳಗ್ಗೆ ಕೇಳಿದಳು. "ಬನ್ನಿ ಎಜೆ, ಯಾರು ಬೇಡ ಅಂತಾರೆ?" ಎಂದಳು ಸಾಯ್ರಾಗುಲ್. ರೋಜಾ ಬಾಗಿಲಿಗೆ ಬೆನ್ನು ಮಾಡಿ, ಸಾಲಿನ ಕೊನೆಯಲ್ಲಿ ಕೂತಳು.

ಬೇರೆ ಊರಿನ ಮುದುಕಿಯೊಬ್ಬಳು ಪಿಸುದನಿಯಲ್ಲಿ, "ಆ ಕೊನೇಲಿರೋಳು ಯಾರು?" ಎಂದು ಕೇಳಿದ್ದು ಎಲ್ಲರಿಗೂ ಕೇಳಿಸಿತು.

"ನಮ್ಮನೇಲಿದ್ದೋರು" ಎಂದಳು ಸಾಯ್ರಾಗುಲ್. ಅದರಲ್ಲಿ ಕೊಂಕಿರಲಿಲ್ಲ. ಅದಕ್ಕಿಂತ ನಿಜವಾದ ಮಾತು ಅವಳಿಗೂ ಹೊಳೆಯಲಿಲ್ಲ.

ಹಾಡು ಶುರುವಾಯಿತು. ರೋಜಾಗೆ ಆ ಭಾಷೆಯಲ್ಲಿ ಕಾಲು ಮಡಚು, ಬೆನ್ನು ನೆಟ್ಟಗಿಡು, ಭೇಷ್, ಇನ್ನೊಂದ್ಸಲ ಎನ್ನಲು ಬರುತ್ತಿತ್ತು. ಹಾಲು, ಹಿಟ್ಟು, ಹಿಮ, ಜ್ವರ ಎಲ್ಲಕ್ಕೂ ಮಾತಿತ್ತು. ಸತ್ತ ತಾಯಿಯನ್ನು ಕರೆಯುವ ಹಾಡನ್ನು ಅವಳು ಕಲಿತಿರಲಿಲ್ಲ. ಬಾಯಿ ತೆರೆದರೆ ತನ್ನ ದ್ವೀಪದ ಮಾತು ಬಂತು, ಅದೂ ಒಂದೇ ಮಾತು: "ನಾಯ್, ನಾಯ್." ಅವರ ಕಡೆ ಅಮ್ಮನನ್ನು ಹಾಗೆ ಕರೆಯುತ್ತಾರೆ. ಪಕ್ಕದವರಿಗೆ ಅದು ಬರೀ ನರಳಾಟದಂತೆ ಕೇಳಿಸಿತು.

ಅಳು ಮುಗಿದ ಮೇಲೆ ಹಿರಿಯ ಹೆಂಗಸರು ಸಾಲಾಗಿ ಬಂದು ಸೊಸೆಯಂದಿರ ಕಪ್ಪು ವಸ್ತ್ರ ತೆಗೆದು ತಲೆಗೆ ಬಿಳಿ ಕಟ್ಟಿದರು. ರೋಜಾ ಮುಂದೆ ಬಂದವರು ಒಂದು ಗಳಿಗೆ ನಿಂತರು. ಅವಳ ಮೈಮೇಲೆ ತೆಗೆಯಲು ಕಪ್ಪು ಇರಲಿಲ್ಲ. ಅವಳ ತಲೆ ಸವರಿ ಮುಂದೆ ಹೋದರು. ಹೊರಡುವಾಗ ನೆಂಟರಿಗೆಲ್ಲ ಕೊಟ್ಟಂತೆ ಅವಳಿಗೂ ಒಂದು ಬಟ್ಟೆ ಕೊಟ್ಟರು. ಒಳ್ಳೆಯ ಬಟ್ಟೆ, ಹೂವಿನದು.

ಮಾರನೆಯ ದಿನ ಸಾಯ್ರಾಗುಲ್ ಜೊತೆ ದೊಡ್ಡ ಕಡಾಯಿ ಉಜ್ಜುತ್ತಿದ್ದಾಗ ರೋಜಾ, ತಲೆ ಎತ್ತದೆ, "ಅವತ್ತೇ ಹೂಂ ಅಂದಿದ್ರೆ ಆಗ್ತಿತ್ತು. ಹೂಂ ಅನ್ನೋ ಮನಸ್ಸೇ ಇತ್ತು ನಂಗೆ, ಸಾಯ್ರಾ" ಎಂದಳು.

ಸಾಯ್ರಾಗುಲ್ ಕೈ ನಿಲ್ಲಿಸಿದಳು. "ಅಪಾ ಇದನ್ನ ಕೇಳಿಸ್ಕೊಂಡಿದ್ರೆ ಕುಣಿದಾಡಿಬಿಡೋರು" ಎಂದಳು. ಆಮೇಲೆ ಮೆಲ್ಲಗೆ, "ನಂಗೆ ಹೇಳಿ ಏನುಪಯೋಗ ಎಜೆ? ಆ ಮಾತು ತಗೊಳ್ಳೋಕೆ ನಾನು ಅವರಲ್ಲವಲ್ಲ" ಎಂದು ಮತ್ತೆ ಉಜ್ಜತೊಡಗಿದಳು.

ಅದರ ಮುಂದಿನ ವಸಂತದಲ್ಲಿ ರೋಜಾ ನಿಜವಾಗಿಯೂ ಹೊರಟಳು. ಆ ಸಲ ಮೊದಲೇ ಯಾರಿಗೂ ಹೇಳಿರಲಿಲ್ಲ. ಅವಳ ಕೈಕೆಳಗೆ ಕಲಿತ ಊರಿನ ಇಬ್ಬರು ಹುಡುಗಿಯರು ಕೋಣೆಯನ್ನು ನೋಡಿಕೊಳ್ಳಲು ತಯಾರಾಗಿದ್ದರು. ಬೆಗಾಯಿಮ್ ಊರುಗೋಲು ಹಿಡಿದು ರಸ್ತೆಯವರೆಗೆ ನಡೆದು ಬಂದು ಬೀಳ್ಕೊಟ್ಟಳು. ಸಾಯ್ರಾಗುಲ್ ಅವಳ ಚೀಲಕ್ಕೆ ಒಣಗಿಸಿದ ಮೊಸರುಂಡೆ ತುಂಬಿ, ಬಿಗಿಯಾಗಿ ತಬ್ಬಿಕೊಂಡು, ತಬ್ಬಿಕೊಂಡಲ್ಲೇ ಅತ್ತಳು.

ಈಗ ಅವಳು ಗಿಮರಾಸ್‌ನಲ್ಲಿ ತಂದೆಯನ್ನು ನೋಡಿಕೊಂಡು, ಹತ್ತಿರದ ಆಸ್ಪತ್ರೆಯಲ್ಲಿ ಕೆಲಸ ಮಾಡಿಕೊಂಡಿದ್ದಾಳೆ. ಅಷ್ಟು ವರ್ಷ ಆ ಹಿಮದ ದೇಶದಲ್ಲಿದ್ದೆಯಲ್ಲ, ನಿನ್ನವರು ಅಂತ ಯಾರಾದರೂ ಇದ್ದರಾ ಎಂದು ಅಕ್ಕಪಕ್ಕದವರು ಕೇಳುತ್ತಾರೆ. ಒಂದು ಮನೆ ಇತ್ತು ಎನ್ನುತ್ತಾಳೆ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ.