ಬಾಗಿಲಿಲ್ಲದವಳ ಬಾಗಿಲಿಗೆ ಅಂಟಿಸಿದ ನೋಟಿಸು

"ಪ್ರತಿವಾದಿ ಮೂರು ಸಲವೂ ಸಿಗದ ಕಾರಣ ನೋಟಿಸನ್ನು ಆಕೆಯ ಕೋಣೆಯ ಬಾಗಿಲಿಗೆ ಅಂಟಿಸಲಾಗಿದೆ."

ಕೋರ್ಟಿನ ಗುಮಾಸ್ತ ಓದಿದ ಈ ಸಾಲಿಗೆ ಅಕ್ಕನ ಮೈಯೆಲ್ಲ ಉರಿದುಹೋಯಿತು. ಅವಳ ಕೋಣೆಗೆ ಬಾಗಿಲೇ ಇರಲಿಲ್ಲ. ಮೂರು ವರ್ಷದ ಹಿಂದೆ ಕೆಳಮನೆಯ ತಮ್ಮ ಎರಡು ದಿನಕ್ಕೆಂದು ಬಿಚ್ಚಿಕೊಂಡು ಹೋದವನು ಅದನ್ನು ಹಿತ್ತಲ ಸಾಮಾನು ಕೋಣೆಗೆ ಜಡಿದು, ಹಿತ್ತಲಿಗೂ ಬೀಗ ಹಾಕಿದ್ದ. ಕೇಳಿದರೆ, "ಪರದೆ ಕಟ್ಕೊ ಅಕ್ಕ, ನಿನ್ನ ಹತ್ರ ಕದಿಯೋಕೆ ಏನಿದೆ" ಎನ್ನುತ್ತಿದ್ದ. ಅಂದಿನಿಂದ ಹೊತ್ತುಗೊತ್ತಿಲ್ಲದೆ ಪರದೆ ಸರಿಸಿ ಒಳನುಗ್ಗುವುದು ಅವನ ಚಾಳಿಯಾಗಿತ್ತು.

ಈಗ ಆ ಮಹಾನುಭಾವ ಅವಳ ಮೇಲೆ ದಾವೆ ಹಾಕಿ, ಅವಳು ಹಾಜರಾಗಲಿಲ್ಲವೆಂದು ತನ್ನ ಪರ ತೀರ್ಪು ಮಾಡಿಸಿಕೊಂಡಿದ್ದ. ಅಮ್ಮ ಅವಳಿಗೆಂದು ಬಿಟ್ಟುಹೋದ ಕೋಣೆಯನ್ನು ಅವಳು ತಿಂಗಳೊಳಗೆ ಖಾಲಿ ಮಾಡಬೇಕು.

"ನೋಟಿಸು ನಿಮಗೆ ಗೊತ್ತಾಗಲಿಲ್ಲ ಅಂತ ತೋರಿಸಿದ್ರೆ ಕೇಸು ಮತ್ತೆ ನಡೆಸ್ತಾರಮ್ಮ. ಆದ್ರೆ ಇಲ್ಲಿ ಫೋಟೊ ಇದೆಯಲ್ಲ" ಎಂದ ಗುಮಾಸ್ತ.

ಫೋಟೊ ನೋಡಿದಳು. ಚಿಲಕದ ಕೆಳಗೆ ಮರದ ಗಂಟು, ಅದರ ಸುತ್ತ ಅವಳೇ ಉಜ್ಜಿ ಹಚ್ಚಿದ ಪಾಲಿಶ್. ಬಾಗಿಲು ಅವಳದೇ. ವರದಿಯ ಪ್ರಕಾರ ಕೋರ್ಟಿನವನು ಮೂರು ಸಲ ಬಂದದ್ದೂ ನಡುಮಧ್ಯಾಹ್ನ, ಅವಳು ಮರದಂಗಡಿಯಲ್ಲಿ ಮೇಜು ಕುರ್ಚಿ ಉಜ್ಜುವ ಹೊತ್ತಿನಲ್ಲಿ. ಎರಡೇ ಬೀದಿ ಆಚೆಗಿದ್ದ ಆ ಅಂಗಡಿಯಲ್ಲಿ ತನ್ನ ಮಂಚಕ್ಕೆ ಬಿಟ್ಟಿ ಪಾಲಿಶ್ ಹೊಡೆಸಿಕೊಂಡಿದ್ದ ತಮ್ಮನಿಗೆ, ಕೋರ್ಟಿನವನ ಮುಂದೆ ಅಕ್ಕ ಎಲ್ಲಿಗೆ ಹೋಗುತ್ತಾಳೆಂದೇ ಗೊತ್ತಿರಲಿಲ್ಲ.

ಅವಳು ಅತ್ತು ಕರೆದು ಮಾಡಲಿಲ್ಲ. ಅಂಗಡಿಯಿಂದ ಸ್ಕ್ರೂ ಬಿಚ್ಚುವ ತಿರುಪುಳಿ ತಂದು ತಮ್ಮನ ಹೆಂಡತಿಯ ಮುಂದೆ ನಿಂತಳು. ಆಕೆ ಅಕ್ಕನ ಮುಖ ನೋಡಿ ಹಿತ್ತಲ ಬೀಗ ತೆಗೆದಳು. ಬಾಗಿಲ ಮೇಲೆ ಕೋರ್ಟಿನ ಕಾಗದ ಇನ್ನೂ ಹಾಗೆಯೇ ಇತ್ತು. ಅದು ಇಲ್ಲಿದ್ದರೆ ಯಾರು ಓದಬೇಕು, ಹಳೇ ಬಕೆಟ್ಟುಗಳೇ?

ಅವಳು ಹಾಕಿದ ಅರ್ಜಿಯ ವಿಚಾರಣೆಯ ದಿನ ಬಾಗಿಲು ಕೈಗಾಡಿಯಲ್ಲಿ ಕೋರ್ಟಿಗೆ ಬಂತು.

"ಇದು ಯಾರ ಬಾಗಿಲು?" ಎಂದು ನ್ಯಾಯಾಧೀಶರು ತಮ್ಮನನ್ನು ಕೇಳಿದರು.

"ಅಕ್ಕಂದೇ ಸ್ವಾಮಿ" ಎಂದ ತಮ್ಮ, ಗೆದ್ದವನ ಗತ್ತಿನಲ್ಲಿ.

"ಎಲ್ಲಿತ್ತು?"

ತಮ್ಮ ಕತ್ತು ಕೆರೆದುಕೊಂಡ. ನೋಟಿಸು ಅಂಟಿಸಿದವನೇ ಮುಂದೆ ಬಂದ. "ಹಿತ್ತಲಲ್ಲಿ ಸ್ವಾಮಿ. ಅಕ್ಕ ಇರೋದು ಇಲ್ಲೇ ಅಂತ ಇವರೇ ತೋರಿಸಿದ್ರು."

"ಹಳೇ ಬಕೆಟ್ಟಿನ ಜೊತೆ ನಾನಿರ್ತೀನಿ ಅಂತ ಹೇಳೋಕೆ ನಾಚಿಕೆ ಆಗ್ಲಿಲ್ವೇನೋ?" ಎಂದಳು ಅಕ್ಕ. ನ್ಯಾಯಾಧೀಶರು ಅವಳನ್ನು ಗದರಿಸಿ ಕೂರಿಸಿದರು, ಆಮೇಲೆ ಹಳೆಯ ತೀರ್ಪು ರದ್ದು ಮಾಡಿದರು. ಕೇಸು ಮೊದಲಿನಿಂದ ನಡೆಯಬೇಕು.

ಗುಮಾಸ್ತ ದಾಖಲೆಗೆಂದು ಬಾಗಿಲಿನ ಫೋಟೊ ತೆಗೆದುಕೊಂಡು ಅದನ್ನು ಬಿಟ್ಟುಕೊಟ್ಟ. ಸಂಜೆಯೊಳಗೆ ಅವಳೇ ಅದನ್ನು ತನ್ನ ಕೋಣೆಗೆ ಜೋಡಿಸಿ, ಪರದೆ ಕಿತ್ತೆಸೆದು ಒಳಗಿನಿಂದ ಚಿಲಕ ಹಾಕಿದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು.

"ಅಕ್ಕ, ಸ್ವಲ್ಪ ಮಾತಾಡ್ಬೇಕಿತ್ತು."

ಮೂರು ವರ್ಷದಲ್ಲಿ ಮೊದಲ ಸಲ ಅವನು ಬಾಗಿಲು ತಟ್ಟುತ್ತಿದ್ದ.

"ಬರೆದು ಬಾಗಿಲಿಗೆ ಅಂಟಿಸಿ ಹೋಗು" ಎಂದಳು ಅಕ್ಕ.