ಗೆರೆ ಇಲ್ಲದ ಚಕ್ರ

ಲಾಕ್ ರಿಂಗ್ ಬಿಗಿ ಮಾಡದೆ ಕಾರನ್ನು ರಸ್ತೆಗೆ ಬಿಟ್ಟವನು ಗ್ಯಾರೇಜಿನ ಯಜಮಾನರ ಅಳಿಯ. ಕೆಲಸ ಕಳೆದುಕೊಂಡವರು ದೊಡ್ಡ ಮೇಸ್ತ್ರಿ.

ತಿರುವಿನಲ್ಲಿ ಎಡಗಡೆಯ ಮುಂಚಕ್ರ ಮಡ್‌ಗಾರ್ಡಿಗೆ ಉಜ್ಜಿ ಕಾರು ಗೋಡೆಗೆ ತಗುಲಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾರಿನ ಮಾಲೀಕರಾದ ಔಷಧಿ ಅಂಗಡಿಯವರು ಫೋನಿನಲ್ಲಿ ಕೂಗಾಡಿದ ಸಂಜೆಯೇ ಯಜಮಾನರು ಮೇಸ್ತ್ರಿಯನ್ನು ಹೊರಗೆ ಕಳಿಸಿದರು. ಇಪ್ಪತ್ತೆರಡು ವರ್ಷದ ದುಡಿಮೆಗೆ ಎರಡು ನಿಮಿಷದ ಮಾತು.

ಇನ್ನೊಂದು ಗ್ಯಾರೇಜಿನವರು ಮೇಸ್ತ್ರಿಗೆ ಹೇಳಿ ಕಳಿಸಿದ್ದರು. ಬನ್ನಿ, ಜಾಗ ಇದೆ, ಆದರೆ ಮೊದಲು ಆ ಕಾರಿನ ವಿಷಯ ಇತ್ಯರ್ಥವಾಗಲಿ ಎಂದು. ಮೇಸ್ತ್ರಿ ಮನೆಯ ಮೆಟ್ಟಿಲ ಮೇಲೆ ಕೂತು, ಕೈಗೆ ಕೆಲಸವಿಲ್ಲದೆ, ಕೆಡದ ಮಿಕ್ಸಿಯನ್ನು ಎರಡು ಸಲ ಬಿಚ್ಚಿ ಜೋಡಿಸಿದರು.

ಆರನೆಯ ದಿನ ಕಾರನ್ನು ಯಜಮಾನರ ಶೆಡ್ಡಿಗೇ ಎಳೆದು ತಂದರು. ಸರಿಮಾಡುವ ಕೆಲಸ ಬಿದ್ದದ್ದು ಮೇಸ್ತ್ರಿಯ ಸೊಸೆಯ ಪಾಲಿಗೆ. ಮಾವನ ಕೈಕೆಳಗೇ ಕಸುಬು ಕಲಿತವಳು. ಶೆಡ್ಡಿನಲ್ಲಿ ಎಲ್ಲರಿಗೂ ಅವಳು ‘ಸೊಸೆ’ಯೇ.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ," ಎಂದ ವೆಲ್ಡರ್, ಕನ್ನಡಕ ಹಣೆಗೇರಿಸಿ. "ಮಾವನ ಕಾಲ ಮಾತ್ರ ಮುಗೀತು ನೋಡು."

"ನಿನ್ನ ಬಾಯಿಗೂ ಒಂದು ವೆಲ್ಡಿಂಗ್ ಹೊಡ್ಕೊ ಅಣ್ಣ. ಟೇಪ್ ಹಿಡಿ ಬಾ."

ಮಡ್‌ಗಾರ್ಡಿನ ಅಂಚಿನಿಂದ ಚಕ್ರದ ನಡುವಿನವರೆಗೆ ಅಳೆದರು. ಬಲಗಡೆ ಮೂವತ್ತಮೂರು ಸೆಂಟಿಮೀಟರ್. ಎಡಗಡೆ ಮೂವತ್ತು.

"ಮೊದಲೇ ತಗ್ಗಿಸಿದ ಕಾರು, ಕೆಳಗೆ ಇರುವೆ ಸಹ ತಲೆ ಬಗ್ಗಿಸಿ ಹೋಗ್ಬೇಕಿತ್ತು," ಎಂದ ವೆಲ್ಡರ್. "ಈಗ ಅದು ತೆವಳಬೇಕು."

ಅವಳು ಕಾರನ್ನು ಲಿಫ್ಟಿಗೇರಿಸಿ ಚಕ್ರ ಬಿಚ್ಚಿದಳು. ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರ್, ಅಂದರೆ ಕಾಯಿಲೋವರಿನ ಕೊಳವೆಯುದ್ದಕ್ಕೂ ಥ್ರೆಡ್ಡು. ಅದರ ಮೇಲೆ ಸ್ಪ್ರಿಂಗನ್ನು ಹೊತ್ತ ರಿಂಗ್. ಅದನ್ನು ತಿರುಗಿಸಿದರೆ ಕಾರು ಏಳುತ್ತದೆ, ಇಳಿಯುತ್ತದೆ. ಬೇಕಾದ ಎತ್ತರಕ್ಕೆ ಬಂದ ಮೇಲೆ ಅದು ಕದಲದ ಹಾಗೆ ಕೆಳಗಿನ ಲಾಕ್ ರಿಂಗನ್ನು ಕೊಕ್ಕೆ ಸ್ಪ್ಯಾನರಿನಿಂದ ಬಿಗಿಯಬೇಕು. ಇಲ್ಲಿ ಲಾಕ್ ರಿಂಗ್ ಬೆರಳಿಗೇ ತಿರುಗುತ್ತಿತ್ತು. ಮೇಲಿನ ರಿಂಗ್ ತಾನಾಗಿ ತಿರುಗುತ್ತ ಕೆಳಗಿಳಿದಿತ್ತು.

ಅವಳು ದೀಪವನ್ನು ಹತ್ತಿರಕ್ಕೆ ಹಿಡಿದಳು. ಬಟ್ಟೆಯಿಂದ ಧೂಳು ಒರೆಸಿದಳು. ಮತ್ತೆ ನೋಡಿದಳು. ಆಮೇಲೆ ಉಳಿದ ಮೂರು ಚಕ್ರಗಳನ್ನೂ ಒಂದೊಂದಾಗಿ ನೋಡಿ ಬಂದಳು.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ರಿಂಗ್ ಬಿಗಿ ಮಾಡಿದವರು ಎರಡೂ ರಿಂಗ್ ಸೇರುವ ಹಾಗೆ ಒಂದು ಗೆರೆ ಎಳೆಯಬೇಕು, ಒಬ್ಬೊಬ್ಬರದು ಒಂದೊಂದು ಬಣ್ಣ. ರಿಂಗ್ ಕದಲಿದರೆ ಗೆರೆ ತುಂಡಾಗಿ ಕಾಣುತ್ತದೆ. ಮೇಸ್ತ್ರಿಯದು ಹಳದಿ. ಮೂರು ಚಕ್ರದಲ್ಲೂ ಹಳದಿ ಗೆರೆ ನೆಟ್ಟಗಿತ್ತು. ನಾಲ್ಕನೆಯದರಲ್ಲಿ ಗೆರೆಯೇ ಇಲ್ಲ. ‘ನೀವು ಊಟಕ್ಕೆ ಹೋಗಿ, ಇದೊಂದು ನಾನು ಮುಗಿಸ್ತೀನಿ’ ಎಂದು ಅಳಿಯ ಹೇಳಿದ್ದನೆಂದು ಮಾವ ಮನೆಯಲ್ಲಿ ಹೇಳಿದ್ದ ಮಾತು ನಿಜವೇ ಆಗಿತ್ತು. ಬಣ್ಣದ ಡಬ್ಬಿ ಮುಟ್ಟಿದರೆ ಅಳಿಯನ ಕೈ ಕೊಳೆಯಾಗುತ್ತದೆ.

ಅವಳು ಯಜಮಾನರನ್ನು ಕರೆದು ತೋರಿಸಿದಳು. ಅವರು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ಎದ್ದು ನಿಂತಾಗ ದನಿ ಮೆತ್ತಗಾಗಿತ್ತು.

"ಔಷಧಿ ಅಂಗಡಿಯವ್ರು ಈಗ ನೋಡೋಕೆ ಬರ್ತಿದ್ದಾರಮ್ಮ. ಎರಡೂ ರಿಂಗಿಗೆ ಒಂದಿಷ್ಟು ಹಳದಿ ಹಚ್ಚಿಬಿಡು. ಗೆರೆ ತುಂಡಾಗಿ ಸರಿದ ಹಾಗೆ ಕಾಣ್ಲಿ."

"ಅಂದ್ರೆ ಮಾವನೇ ಸರಿಯಾಗಿ ಬಿಗಿ ಮಾಡಿಲ್ಲ ಅಂತ ನಾನೇ ಬರ್ಕೊಟ್ಟ ಹಾಗೆ."

"ಅವ್ರು ಹೇಗೂ ಹೋಗಿ ಆಯ್ತಲ್ಲ. ಹೋದವ್ರಿಗೆ ಇನ್ನೇನು ನಷ್ಟ? ನೀನು ಇಲ್ಲಿರೋಳು. ಇನ್ನು ಮೇಲೆ ಅವ್ರ ಜಾಗ ನಿಂದೇ ಅಂದ್ಕೊ."

ಕದ್ದ ಕುರ್ಚಿಯನ್ನು ಅದೇ ಮನೆಯವಳಿಗೆ ಉಡುಗೊರೆ ಕೊಡುವ ಧಾರಾಳ ಅದು.

ವೆಲ್ಡರ್ ಹಳದಿ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚಿದ. "ಬಣ್ಣ ಒಣಗೋಗಿದೆ ಯಜಮಾನ್ರೇ," ಎಂದು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡ. ಬಾಗಿಲ ಬಳಿ ಟಯರ್ ರಿಪೇರಿ ಮಾಡುತ್ತಿದ್ದ ಹೆಂಗಸು ಗಾಳಿಯ ಮಶೀನು ನಿಲ್ಲಿಸಿದಳು.

ಗೇಟಿನ ಹೊರಗೆ ಆಟೋ ನಿಂತಿತು. ಔಷಧಿ ಅಂಗಡಿಯವರು ಇಳಿದು ಚಿಲ್ಲರೆಗಾಗಿ ಜೇಬು ತಡಕುತ್ತಿದ್ದರು.

"ಹೋಗ್ಲಿ, ಬಣ್ಣ ಬೇಡ," ಎಂದರು ಯಜಮಾನರು ಅವಸರದಲ್ಲಿ. "ಚಕ್ರ ಹಾಕಿ ಕೆಳಗಿಳಿಸು. ಉಳಿದದ್ದು ನಾನು ಮಾತಾಡ್ಕೋತೀನಿ."

ಸೊಸೆ ಲಿಫ್ಟಿನ ಗುಂಡಿಗೆ ಬೆನ್ನು ಕೊಟ್ಟು ನಿಂತಳು.

"ಇಳಿಸಲ್ಲ ಯಜಮಾನ್ರೇ. ಅವ್ರು ನಾಲ್ಕೂ ಚಕ್ರ ನೋಡೋ ತನಕ ಕಾರು ಮೇಲೇ ಇರುತ್ತೆ."