ಸೌನಾ ಕಲ್ಲು ನೆಕ್ಕುವ ಬೆಕ್ಕು

ಕೆರ್ತುವಿನ ಬೆಕ್ಕು ಮುರ್ರಿ ಹತ್ತು ದಿನದಿಂದ ಸೌನಾ ಕೋಣೆ ಬಿಟ್ಟು ಕದಲಿರಲಿಲ್ಲ. ಹಬೆಸ್ನಾನ ಮುಗಿದು ಒಲೆ ಆರಿದರೂ ಅದರ ಮೇಲೆ ಕಾಯಿಸಲು ಜೋಡಿಸಿದ ಕಲ್ಲುಗಳನ್ನು ನೆಕ್ಕುತ್ತಾ ಕೂತಿರುತ್ತಿತ್ತು.

"ನೋಡೇ, ಇದಕ್ಕೂ ನಮ್ಮ ಹಾಗೇ ಸೌನಾ ಹುಚ್ಚು!" ಎಂದು ಕೆರ್ತು ನಕ್ಕಳು.

ಪಕ್ಕದ ಮನೆಯ ರಾಕೆಲ್ ನಗಲಿಲ್ಲ. ಪಶು ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವಳು ಅವಳು. ಬೆಕ್ಕಿನ ತುಟಿ ಎತ್ತಿದಳು. ಗುಲಾಬಿ ಬಣ್ಣ ಇರಬೇಕಾದ ವಸಡು ಸುಣ್ಣದ ಹಾಗೆ ಬೆಳ್ಳಗಿತ್ತು.

"ಹುಚ್ಚಲ್ಲ ಕಣೇ, ಮೈಯಲ್ಲಿ ರಕ್ತವೇ ಇಲ್ಲ! ಅದಕ್ಕೇ ಚಳಿ, ಅದಕ್ಕೇ ಕಲ್ಲು ಮಣ್ಣು ನೆಕ್ಕೋದು. ಮಲಗಿದ್ದಲ್ಲೇ ಹೇಗೆ ಏದುಸಿರು ಬಿಡ್ತಿದೆ ನೋಡು."

"ವಯಸ್ಸಾಯ್ತು ಅಷ್ಟೆ. ನನ್ನ ಕಬ್ಬಿಣದ ಮಾತ್ರೆ ಅರ್ಧ ಕೊಡ್ತೀನಿ ಬಿಡು."

"ನಾಲ್ಕು ವರ್ಷಕ್ಕೆ ವಯಸ್ಸಾಯ್ತಾ? ಮನುಷ್ಯರ ಮಾತ್ರೆ ಕೊಟ್ಟು ಸಾಯಿಸ್ಬೇಡ. ಕಾರು ತೆಗಿ, ಈಗ್ಲೇ!"

ರಕ್ತ ಪರೀಕ್ಷಿಸಿದ ಡಾಕ್ಟರು ಹೇಳಿದರು: "ಬೆಕ್ಕಿನ ಲ್ಯುಕೇಮಿಯಾ ವೈರಸ್. ಒಂದಕ್ಕೊಂದು ನೆಕ್ಕಿದ್ರೆ, ಒಂದೇ ಬಟ್ಟಲಲ್ಲಿ ತಿಂದ್ರೆ ಎಂಜಲಿಂದ ಹರಡುತ್ತೆ."

ಕೆರ್ತುವಿನ ಮೈ ಉರಿದುಹೋಯಿತು. ಬೇಸಿಗೆ ರಜೆಗಷ್ಟೇ ನಗರದಿಂದ ಬರುವ ಸರೋವರದ ದಡದ ಮನೆಯವರು ಹೋದ ವರ್ಷ ಜೂನ್‌ನಲ್ಲಿ ಮಕ್ಕಳ ಆಟಕ್ಕೆಂದು ಬೂದು ಬೆಕ್ಕೊಂದನ್ನು ತಂದಿದ್ದರು. ಶಾಲೆ ಶುರುವಾದಾಗ ಮನೆಗೆ ಬೀಗ ಜಡಿದು, ಅದನ್ನು ಹೊರಗೇ ಬಿಟ್ಟು ನಗರಕ್ಕೆ ಹೋದರು. ಹಸಿದು ಬಂದದ್ದಕ್ಕೆ ಕೆರ್ತು ಮುರ್ರಿಯ ಬಟ್ಟಲಲ್ಲೇ ಅನ್ನ ಹಾಕಿದ್ದಳು. ಮೊದಲ ಹಿಮ ಬೀಳುವಷ್ಟರಲ್ಲಿ ಅದು ಸತ್ತಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರೆ. ಇಲ್ಲಿ ಚೆಲ್ಲಾಟ ಮನುಷ್ಯರದು, ಪ್ರಾಣಸಂಕಟ ಬೆಕ್ಕಿನದು.

"ಹಾಳಾಗಿ ಹೋಗ್ಲಿ ಅವ್ರು!"

"ಬೈಯೋದು ಆಮೇಲೆ. ನೀನು ಮುರ್ರಿಗೆ ಲಸಿಕೆ ಹಾಕ್ಸಿದ್ಯಾ?" ಎಂದಳು ರಾಕೆಲ್.

ಕೆರ್ತು ಹಾಕಿಸಿರಲಿಲ್ಲ. ತನ್ನ ಮೇಲೂ ಸಿಟ್ಟು ಬಂತು.

ರಾಕೆಲ್‌ಳ ದಢೂತಿ ಗಂಡುಬೆಕ್ಕಿನ ರಕ್ತ ಪರೀಕ್ಷಿಸಿ, ಗುಂಪು ಹೊಂದಿಸಿ ಮುರ್ರಿಗೆ ಏರಿಸಿದರು. ರಕ್ತಕಣ ಹಾಳುಮಾಡುತ್ತಿದ್ದ ಇನ್ನೊಂದು ಸೋಂಕಿಗೆ ಔಷಧಿ ಕೊಟ್ಟರು. ವೈರಸ್ ಹೋಗಲಿಲ್ಲ, ಹೋಗುವುದೂ ಇಲ್ಲ. ಆದರೆ ವಾರದಲ್ಲಿ ವಸಡಿಗೆ ಬಣ್ಣ ಬಂತು. ಬೇರೆ ಬೆಕ್ಕುಗಳಿಗೆ ಹರಡದಿರಲೆಂದು ಮುರ್ರಿ ಈಗ ಮನೆಯೊಳಗೇ ಇರುತ್ತದೆ.

ಆಗಸ್ಟ್‌ನಲ್ಲಿ ದಡದ ಮನೆಯವರು ಮತ್ತೆ ಗಂಟುಮೂಟೆ ಕಟ್ಟುತ್ತಿದ್ದರು. ಮೆಟ್ಟಿಲ ಮೇಲೆ ಹೊಸ ಮರಿಯೊಂದು ಕೂತಿತ್ತು. ಕೆರ್ತು ಸರಸರ ಇಳಿದು ಹೋದಳು.

"ಇದನ್ನ ಮರೆತ್ರಲ್ಲ?"

"ಹೇಗೋ ಬದುಕ್ಕೊಳ್ಳುತ್ತೆ ಬಿಡಿ ಅಜ್ಜಿ," ಎಂದ ಮನೆಯ ಯಜಮಾನ.

"ಹಾಗಿದ್ರೆ ನಿಮ್ಮ ಮಗಳನ್ನೂ ಬಿಟ್ಟುಹೋಗಿ. ಹೇಗೋ ಬದುಕ್ಕೊಳ್ತಾಳೆ!"

ಮಗಳು ಕಾರಿಳಿದು ಬಂದು ಮರಿಯನ್ನು ಎತ್ತಿಕೊಂಡಳು.

ಓದುತ್ತಿರುವ ನೀವು ಎದ್ದು ಹೋಗಿ ನಿಮ್ಮ ಬೆಕ್ಕಿನ ತುಟಿ ಎತ್ತಿ ನೋಡಿ. ವಸಡು ಬೆಳ್ಳಗಿದ್ದರೆ ನಾಳೆ ಎನ್ನಬೇಡಿ, ಇವತ್ತೇ ಡಾಕ್ಟರ ಹತ್ತಿರ ಒಯ್ಯಿರಿ. ಹೊಸ ಬೆಕ್ಕು ತಂದರೆ ಮೊದಲು ಪರೀಕ್ಷೆ, ಆಮೇಲೆ ಲಸಿಕೆ. ಬೇಸಿಗೆಗಷ್ಟೇ ಬೆಕ್ಕು ಬೇಕೆನ್ನುವವರು ದಯವಿಟ್ಟು ಚೆಂಡು ಕೊಳ್ಳಿ. ಅದಕ್ಕೆ ಚಳಿಯಾಗುವುದಿಲ್ಲ.